ಎರಡನೆಯ ಪಿಸ್ತೂಲು ಮತ್ತು ಬನ್ನಿ ಮರ

ಸಂಪಾದಕರು ನನ್ನಿಂದ ಕೇಳಿದ್ದು ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಲೇಖನ. ಅದನ್ನು ಮುಂದಿನ ಸಂಚಿಕೆಗೆ ಕೊಡುತ್ತೇನೆಂದು ಹೇಳಿ ಅವರನ್ನು ಒಪ್ಪಿಸಿ, ಈ ಸಲ ಬೇರೆಯೇ ವಿಷಯ ಎತ್ತಿಕೊಂಡಿದ್ದೇನೆ. ಓದಿ ಸಿಟ್ಟು ಬಂದವರು ನನ್ನನ್ನು ಬೈಯಿರಿ, ಸಂಪಾದಕರನ್ನು ಬಿಟ್ಟುಬಿಡಿ.

2025ರ ಸೆಪ್ಟೆಂಬರ್ 10ರಂದು ನಮ್ಮ ಡಲ್ಲಾಸಿನ ಮೋಟೆಲೊಂದರಲ್ಲಿ ಕರ್ನಾಟಕ ಮೂಲದ ಮ್ಯಾನೇಜರ್ ಒಬ್ಬರನ್ನು, ಹೆಂಡತಿ ಮತ್ತು ಮಗನ ಕಣ್ಣೆದುರಿಗೇ, ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಮಚ್ಚಿನಿಂದ ಕೊಂದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ಅದಾದ ಮೂರು ವಾರಕ್ಕೆ ದಸರಾ ಬಂತು. ಪಾಟ್‌ಲಕ್‌ನಲ್ಲಿ ಬಿಸಿಬೇಳೆ ಭಾತಿಗೆ ಸಾಲು ನಿಂತವರ ಬಾಯಲ್ಲೆಲ್ಲ ಅದೇ ಮಾತು. ಒಬ್ಬರು ತಗ್ಗಿದ ದನಿಯಲ್ಲಿ, "ನಾನೂ ಒಂದು ಗನ್ ತಗೊಂಡೆ" ಎಂದರು. ಈ ದೇಶಕ್ಕೆ ಬಂದು ಇಪ್ಪತ್ತೈದು ವರ್ಷವಾದ ಇನ್ನೊಬ್ಬರು, "ಒಂದು ಸಾಲದು ಸ್ವಾಮಿ. ಸಮಯಕ್ಕೆ ಅದು ಕೈಕೊಟ್ಟರೆ ಏನು ಮಾಡ್ತೀರಿ? ಬ್ಯಾಕಪ್ ಇರಬೇಕು. ಸೊಂಟದಲ್ಲೊಂದು, ಕಾಲಲ್ಲೊಂದು" ಎಂದರು. ಸುತ್ತ ನಿಂತವರು ತಲೆಯಾಡಿಸಿದರು.

ನಾನು ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದೆ. ಹೇಳಲು ಏನೂ ಇರಲಿಲ್ಲವೆಂದಲ್ಲ. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ಒಬ್ಬರು ನನ್ನನ್ನೇ ಕೇಳಿದ್ದರು. ಆಗ ನಾನು ಥಟ್ಟನೆ ಉತ್ತರ ಕೊಟ್ಟಿದ್ದೆ. ಆ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೇಳಿದವರು ಹಾಸನದ ಕಡೆಯವರು, ನನಗಿಂತ ಆರೇಳು ವರ್ಷ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಾರೆ. ಆಗ ಎರಡು ಗ್ಯಾಸ್ ಸ್ಟೇಷನ್ ನಡೆಸುತ್ತಿದ್ದರು. (ಈ ಲೇಖನವನ್ನು ಮೊದಲು ಓದಿದವರು ಅವರು ಮತ್ತು ಅವರ ಹೆಂಡತಿ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬದಲಿಸಿ, "ಹಾಕಿ ಅಕ್ಕಾ, ಯಾರಿಗಾದರೂ ಉಪಯೋಗವಾಗಲಿ" ಎಂದರು.) 2021ರಲ್ಲಿ ಒಂದು ರಾತ್ರಿ ಮುಸುಕು ಹಾಕಿದವನೊಬ್ಬ ಒಳಗೆ ಬಂದು ಪಿಸ್ತೂಲನ್ನು ಅವರ ಹಣೆಗೆ ಗುರಿಯಿಟ್ಟು ಗಲ್ಲಾ ಖಾಲಿ ಮಾಡಿಕೊಂಡು ಹೋದ. ಅವರ ಪಿಸ್ತೂಲು ಎರಡು ಮಾರು ದೂರದಲ್ಲಿ, ಕೌಂಟರಿನ ಡ್ರಾಯರಿನಲ್ಲಿತ್ತು. ಇದ್ದೂ ಇಲ್ಲದಂತಾಯಿತು. ಅಂದಿನಿಂದ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದರು. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ ಇದಕ್ಕೆ ಲೈಸೆನ್ಸೇ ಕಡ್ಡಾಯವಲ್ಲ. ಆದರೂ ಅವರು ಶಿಸ್ತಿನ ಮನುಷ್ಯ, ತರಗತಿಗೆ ಹೋಗಿ ಲೈಸೆನ್ಸ್ ತೆಗೆದುಕೊಂಡರು.

ಅಲ್ಲಿ ಪಾಠ ಹೇಳಿದ ನಿವೃತ್ತ ಪೊಲೀಸ್ ಅಧಿಕಾರಿ ಎರಡನೆಯ ಪಿಸ್ತೂಲಿನ ವಿಚಾರ ತಲೆಗೆ ಹಾಕಿದ್ದರು. ನ್ಯಾಯವಾಗಿ ಹೇಳಬೇಕೆಂದರೆ ಆ ವಿಚಾರ ಪೊಳ್ಳಲ್ಲ. ರಿವಾಲ್ವರುಗಳ ಕಾಲದಲ್ಲಿ ಐದೋ ಆರೋ ಗುಂಡು ಮುಗಿದರೆ ಮತ್ತೆ ತುಂಬುವುದು ನಿಧಾನದ ಕೆಲಸ. ಅದಕ್ಕಿಂತ ಇನ್ನೊಂದನ್ನು ಹೊರತೆಗೆಯುವುದೇ ಬೇಗ. ನ್ಯೂಯಾರ್ಕಿನ ಪೊಲೀಸರ ಈ ರೂಢಿಗೆ 'ನ್ಯೂಯಾರ್ಕ್ ರೀಲೋಡ್' ಎಂದೇ ಹೆಸರು ಬಿದ್ದಿತ್ತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಎಂಟು ಮಂದಿಗೂ ಇಬ್ಬರು ಬ್ಯಾಂಕ್ ದರೋಡೆಕೋರರಿಗೂ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಅಂದು ಕಾರುಗಳು ಡಿಕ್ಕಿಯಾದಾಗ ಒಬ್ಬ ಏಜೆಂಟರ ರಿವಾಲ್ವರು ಕೈತಪ್ಪಿ ಹೋಯಿತು. ಅವರು ಹೋರಾಡಿದ್ದು ಮೈಮೇಲಿದ್ದ ಚಿಕ್ಕ ಎರಡನೆಯ ರಿವಾಲ್ವರಿನಿಂದ.

ಇಷ್ಟೆಲ್ಲ ಕೇಳಿಕೊಂಡು ಬಂದ ನಮ್ಮ ಮಿತ್ರರು 2022ರ ಯುಗಾದಿ ಕಾರ್ಯಕ್ರಮ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ನಿಲ್ಲಿಸಿದರು. "ಅಕ್ಕಾ, ಒಂದು ಮಾತು. ಇನ್ನೊಂದು ತಗೋಬೇಕು ಅಂತಿದ್ದೀನಿ, ಚಿಕ್ಕದು. ಇವಳು ಬೇಡ ಅಂತ ಹಟ ಹಿಡಿದಿದ್ದಾಳೆ. ನೀವೇನಂತೀರಿ?"

ನನ್ನ ವೃತ್ತಿಯ ಬಗ್ಗೆ ಇಲ್ಲೊಂದು ಮಾತು ಹೇಳಬೇಕು. ನಾನು ಅರಿವಳಿಕೆ ವೈದ್ಯೆ. ರೋಗಿಯ ಉಸಿರನ್ನು ನಿಲ್ಲಿಸಿ, ಆ ಉಸಿರಾಟದ ಜವಾಬ್ದಾರಿಯನ್ನು ನನ್ನ ಕೈಗೆ ತೆಗೆದುಕೊಳ್ಳುವ ಕೆಲಸ. ಹಾಗಾಗಿ ಬ್ಯಾಕಪ್ ನಮಗೆ ದೇವರಿದ್ದಂತೆ. ಗೋಡೆಯ ಕೊಳವೆಯಿಂದ ಆಮ್ಲಜನಕ ಬರುತ್ತಿದ್ದರೂ ಯಂತ್ರದ ಹಿಂದೆ ಸಿಲಿಂಡರ್ ಇರಬೇಕು. ಯಂತ್ರವೇ ನಿಂತರೆ ಕೈಯಿಂದ ಒತ್ತುವ ಆಂಬು ಬ್ಯಾಗ್ ಬೇಕು. ಲ್ಯಾರಿಂಗೋಸ್ಕೋಪಿನ ದೀಪ ಆರಿದರೆ ಪಕ್ಕದಲ್ಲೇ ಇನ್ನೊಂದು ಬೇಕು. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದುವಾಗ ಕರೆಂಟನ್ನು ನಂಬದೆ ಜೇಬಿನಲ್ಲಿ ಟಾರ್ಚು, ಟಾರ್ಚನ್ನು ನಂಬದೆ ಇನ್ನೆರಡು ಸೆಲ್ಲು ಇಟ್ಟುಕೊಂಡು ಬೆಳೆದವಳು ನಾನು. ಇಂಥವಳಿಗೆ ಆ ಪ್ರಶ್ನೆ ಪ್ರಶ್ನೆಯಾಗಿಯೇ ಕಾಣಲಿಲ್ಲ. "ಒಂದನ್ನು ನಂಬುವುದಾದರೆ ಅದು ಕೈಕೊಡಬಹುದು ಅನ್ನುವುದನ್ನೂ ನಂಬಬೇಕಲ್ಲ? ನಿಮ್ಮ ಮಾತಿನಲ್ಲಿ ತರ್ಕ ಇದೆ" ಎಂದೆ. ಅವರ ಹೆಂಡತಿ ಅಲ್ಲೇ ನಿಂತಿದ್ದರು. ಏನೂ ಹೇಳದೆ ಕಾರಿನ ಬಾಗಿಲು ತೆಗೆದು ಕೂತರು. ನನ್ನ ತಮ್ಮನಂಥವರ ಬೆನ್ನು ತಟ್ಟಿ ನಾನೂ ಮನೆಗೆ ಬಂದೆ.

ಅವರು ಆ ವಿದ್ಯೆಯನ್ನು ಶ್ರದ್ಧೆಯಿಂದಲೇ ಕಲಿತರು. ಗನ್ ಚಿಕ್ಕದಾದಷ್ಟೂ ಬಚ್ಚಿಡುವುದು ಸುಲಭ, ಗುರಿಯಿಡುವುದು ಕಷ್ಟ ಎಂದು ನನಗೆ ವಿವರಿಸಿದ್ದು ಅವರೇ. ನಳಿಗೆ ಗಿಡ್ಡ, ಹಿಡಿ ಸಣ್ಣದು, ಹಗುರವಾದ್ದರಿಂದ ಗುಂಡು ಹಾರಿದಾಗ ಕೈಗೆ ಬೀಳುವ ಒದೆತ ಜೋರು. ಕೆಲವರು ದೊಡ್ಡ ಪಿಸ್ತೂಲಿನ ಮ್ಯಾಗಜಿನ್ ಚಿಕ್ಕದಕ್ಕೂ ಹೊಂದುವಂತೆ ಒಂದೇ ಕಂಪನಿಯ ಜೋಡಿ ಕೊಳ್ಳುತ್ತಾರೆ. ಗ್ಲಾಕ್ 19 ಮತ್ತು ಗ್ಲಾಕ್ 26 ಅಂಥ ಜೋಡಿ. ಇನ್ನು ಕೆಲವರು ಸ್ಮಿತ್ ಅಂಡ್ ವೆಸನ್‌ನ ಐದು ಗುಂಡಿನ ಪುಟ್ಟ ರಿವಾಲ್ವರನ್ನು ಮೆಚ್ಚುತ್ತಾರೆ. ಹ್ಯಾಮರ್ ಹೊರಗೆ ಚಾಚಿರದ ಮಾದರಿಯಾದರೆ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಜೇಬಿನಲ್ಲಿಟ್ಟರೆ ಟ್ರಿಗರನ್ನು ಮುಚ್ಚುವ ಹೋಲ್ಸ್ಟರ್ ಬೇಕೇ ಬೇಕು, ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ ಏನೂ ಇರಕೂಡದು. ಕಣಕಾಲಿಗೆ ಕಟ್ಟಿದರೆ ಕಾರಿನಲ್ಲಿ ಕೂತವರಿಗೆ ಕೈಗೆಟುಕುತ್ತದೆ, ನಿಂತವರಿಗೆ ಬಗ್ಗಬೇಕು. ಬಲಗೈಗೆ ಪೆಟ್ಟಾದರೆ ಎಡಗೈಯಿಂದ ತೆಗೆಯುವಂತಿರಬೇಕು, ಎಡಗೈಯಿಂದ ಹೊಡೆಯುವ ಅಭ್ಯಾಸವೂ ಇರಬೇಕು. ಅವರು ಕೊನೆಗೆ ಐದು ಗುಂಡಿನ ರಿವಾಲ್ವರ್ ಕೊಂಡು ಕಣಕಾಲಿಗೆ ಕಟ್ಟಿಕೊಂಡರು.

ಆ ವರ್ಷದ ಆಯುಧ ಪೂಜೆಗೆ ಅವರ ಮನೆಗೆ ಹೋಗಿದ್ದೆ. ಗ್ಯಾರೇಜಿನಲ್ಲಿ ಮೇಜಿನ ಮೇಲೆ ಕಾರುಗಳ ಕೀ, ಲ್ಯಾಪ್‌ಟಾಪ್, ಮಗಳ ಪಿಟೀಲು, ಸ್ಕ್ರೂಡ್ರೈವರುಗಳು, ಈಳಿಗೆ ಮಣೆ. ಒಂದು ಮೂಲೆಯಲ್ಲಿ ಗುಂಡು ತೆಗೆದಿಟ್ಟ ದೊಡ್ಡ ಪಿಸ್ತೂಲು, ಪಕ್ಕದಲ್ಲಿ ಚಿಕ್ಕ ರಿವಾಲ್ವರು. ಊರಿಂದ ಬಂದಿದ್ದ ಅವರ ತಾಯಿ ಎಲ್ಲಕ್ಕೂ ಕುಂಕುಮ ಹಚ್ಚಿ, ಚಿಕ್ಕದರ ಮೇಲೆ ಸೇವಂತಿಗೆ ಹೂ ಇಟ್ಟು, "ಇದು ಅದರ ಮರಿಯೇನೋ?" ಎಂದು ಮಗನನ್ನು ಕೇಳಿದರು. ನಾವೆಲ್ಲ ನಕ್ಕೆವು. ಸೊಸೆ ನಗಲಿಲ್ಲ.

2023 ಅವರಿಗೆ ಕೆಟ್ಟ ವರ್ಷ. ಒಂದು ಸ್ಟೇಷನ್ನಿನ ಲೀಸ್ ಹೋಯಿತು, ಸಾಲ ಬೆಳೆಯಿತು. ಮನುಷ್ಯ ಸಂಘಕ್ಕೆ ಬರುವುದನ್ನು ಬಿಟ್ಟರು, ಫೋನ್ ಎತ್ತುವುದನ್ನು ಬಿಟ್ಟರು. 2024ರ ಆರಂಭದಲ್ಲಿ ಒಂದು ದಿನ ಹೆಂಡತಿ ಫೋನ್ ಮಾಡಿ, "ಅಕ್ಕಾ, ರಾತ್ರಿಯೆಲ್ಲ ಕಿಚನ್ನಿನಲ್ಲಿ ದೀಪ ಹಾಕದೆ ಕೂತಿರ್ತಾರೆ. 'ನನ್ನ ಇನ್ಶೂರೆನ್ಸ್ ಪೇಪರ್ ಎಲ್ಲಿದೆ ನೋಡ್ಕೊಂಡಿರು' ಅಂತಾರೆ" ಎಂದರು. ಇಂಥ ಮಾತಿನ ಅರ್ಥ ವೈದ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರನೆಯ ದಿನವೇ ಮನೋವೈದ್ಯರಲ್ಲಿ ಕಾಣುವ ಏರ್ಪಾಡಾಯಿತು. "ಮನೆಯಲ್ಲಿ ಗನ್ ಇದೆಯಲ್ಲ, ಅದನ್ನು ಹೊರಗೆ ಸಾಗಿಸಿ" ಎಂದೆ. ಅವರ ತಮ್ಮ ಬಂದು ಪಿಸ್ತೂಲನ್ನು ತನ್ನ ಮನೆಯ ಸೇಫಿಗೆ ಒಯ್ದರು. ಎಲ್ಲರೂ ನಿಟ್ಟುಸಿರು ಬಿಟ್ಟೆವು. ನಾನಂತೂ ಬುದ್ಧಿವಂತಿಕೆಯ ಕೆಲಸ ಮಾಡಿದೆನೆಂದು ಒಳಗೊಳಗೇ ಬೀಗಿದೆ.

ಒಂಬತ್ತನೆಯ ರಾತ್ರಿ ನಾನು ಆಪರೇಷನ್ ಥಿಯೇಟರಿನಲ್ಲಿದ್ದೆ. ಶಸ್ತ್ರಚಿಕಿತ್ಸೆ ಮುಗಿದು ಹೊಟ್ಟೆ ಹೊಲಿಯುವ ಮುಂಚೆ ನರ್ಸ್ ಪದ್ಧತಿಯಂತೆ ಸ್ಪಾಂಜುಗಳನ್ನು ಎಣಿಸಿದರು. ಒಂದು ಕಡಿಮೆ. ಇನ್ನೊಮ್ಮೆ ಎಣಿಸಿದರು, ಮತ್ತೂ ಒಂದು ಕಡಿಮೆ. ಹುಡುಕಾಡಿದಾಗ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿತು. ಇಂಥದನ್ನು ನೂರಾರು ಸಲ ನೋಡಿದ್ದೇನೆ. ಆದರೆ ಆ ರಾತ್ರಿ "ಒಂದು ಕಡಿಮೆ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೇವಂತಿಗೆ ಹೂವಿನ ಕೆಳಗಿದ್ದ ಆ ಮರಿ ಕಣ್ಣ ಮುಂದೆ ಬಂತು. ನಾವು ಒಯ್ದದ್ದು ಒಂದನ್ನು. ಅಲ್ಲಿ ಇದ್ದದ್ದು ಎರಡು.

ರೋಗಿಯನ್ನು ರಿಕವರಿ ಕೋಣೆಗೆ ಒಪ್ಪಿಸಿ ಫೋನ್ ಮಾಡಿದಾಗ ಹನ್ನೊಂದು ಗಂಟೆ. "ಯಾವ ಎರಡನೆಯದು ಅಕ್ಕಾ? ನಾನು ಅಷ್ಟು ಜಗಳ ಆಡಿದ ಮೇಲೆ ಅದನ್ನು ಹಿಂದಕ್ಕೆ ಕೊಟ್ಟರಲ್ಲ?" ಎಂದರು ಹೆಂಡತಿ. ಪೂಜೆಯಾದ ಮೇಲೆ ಮನೆಯಲ್ಲಿ ಜಗಳ ನಡೆದದ್ದು, ಅವರು ಕೊಟ್ಟುಬಿಟ್ಟೆನೆಂದು ಹೇಳಿ ಬಚ್ಚಿಟ್ಟದ್ದು ನನಗೆ ಗೊತ್ತಿರಲಿಲ್ಲ. ಫೋನನ್ನು ಗಂಡನ ಕೈಗೆ ಕೊಡಿ ಎಂದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಮೇಲಿನ ಕ್ಲಾಸೆಟ್ಟಿನಲ್ಲಿ, ಶೂ ಬಾಕ್ಸಲ್ಲಿದೆ" ಎಂದರು.

"ಒಂಬತ್ತು ದಿನದಿಂದ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಅಕ್ಕಾ."

ನಾನೂ ನನ್ನ ಯಜಮಾನರೂ ನಲವತ್ತು ನಿಮಿಷ ಕಾರು ಓಡಿಸಿಕೊಂಡು ಹೋದೆವು. ಗ್ಯಾರೇಜಿನ ಬಾಗಿಲು ತೆರೆದಿತ್ತು. ಗಂಡ ಹೆಂಡತಿ ಇಬ್ಬರೂ ಹೊರಗೆ ಡ್ರೈವ್‌ವೇಯಲ್ಲಿ ಚಳಿಯಲ್ಲಿ ನಿಂತಿದ್ದರು. ಕಾರಿನ ಬಾನೆಟ್ ಮೇಲೆ ಬಾಯಿ ಬಿಚ್ಚಿದ ರಿವಾಲ್ವರು, ಪಕ್ಕದಲ್ಲಿ ಸಾಲಾಗಿ ಐದು ಗುಂಡು. ಯಾರೂ ಹೆಚ್ಚು ಮಾತಾಡಲಿಲ್ಲ. ಅವರ ಹೆಂಡತಿ ನಮಗೆ ಕಾಫಿ ಮಾಡಿಕೊಟ್ಟರು.

ಈಗ ಅವರು ಆರೋಗ್ಯವಾಗಿದ್ದಾರೆ. ಚಿಕಿತ್ಸೆ ಫಲಿಸಿತು, ಒಂದು ಸ್ಟೇಷನ್ ಉಳಿಯಿತು. ಆದರೆ ನಾನು ಮಾತ್ರ ನನ್ನ ಹಳೆಯ ಉತ್ತರವನ್ನು ಬಿಟ್ಟಿಲ್ಲ. ಅದರಲ್ಲಿ ತಪ್ಪಿದ್ದು ಎಲ್ಲಿ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ.

ಆಪರೇಷನ್ ಥಿಯೇಟರಿನ ಬ್ಯಾಕಪ್ಪಿಗೂ ಕಣಕಾಲಿನ ಬ್ಯಾಕಪ್ಪಿಗೂ ಹೋಲಿಕೆ ಮಾಡಿದ್ದೇ ತಪ್ಪು. ನಮ್ಮಲ್ಲಿ ಎರಡನೆಯ ಸಾಧನ ಎಲ್ಲರ ಕಣ್ಣೆದುರಿಗಿರುತ್ತದೆ. ಪ್ರತಿಯೊಂದಕ್ಕೂ ಲೆಕ್ಕವಿದೆ. ಒಂದು ಚೂರು ನೋವಿನ ಔಷಧ ಉಳಿದರೂ ಅದನ್ನು ಚೆಲ್ಲುವಾಗ ಇನ್ನೊಬ್ಬರು ನಿಂತು ನೋಡಿ ಸಹಿ ಹಾಕಬೇಕು. ಅಂದರೆ ಅಲ್ಲಿ ಉಪಕರಣಕ್ಕೆ ಬ್ಯಾಕಪ್ ಇರುವಂತೆ ಮನುಷ್ಯನಿಗೂ ಬ್ಯಾಕಪ್ ಇದೆ. ನಾನು ದಣಿದಿದ್ದರೆ, ಮರೆತರೆ, ಮನಸ್ಸು ಕೆಟ್ಟಿದ್ದರೆ ಹಿಡಿದು ನಿಲ್ಲಿಸಲು ಇನ್ನೊಂದು ಜೊತೆ ಕಣ್ಣಿದೆ. ಬ್ಯಾಕಪ್ ಗನ್ನಿನ ಲಕ್ಷಣವೇ ಬೇರೆ. ಯಾರಿಗೂ ಗೊತ್ತಾಗದಿರುವುದೇ ಅದರ ಗುಣ. ಶತ್ರುವಿಗೆ ಗೊತ್ತಾಗಬಾರದೆಂದು ಬಚ್ಚಿಟ್ಟದ್ದು ಹೆಂಡತಿಗೂ ಗೊತ್ತಾಗುವುದಿಲ್ಲ, ತಮ್ಮನಿಗೂ ಗೊತ್ತಾಗುವುದಿಲ್ಲ, ಅಕ್ಕನೆನಿಸಿಕೊಂಡ ಡಾಕ್ಟರಿಗೆ ಗೊತ್ತಿದ್ದೂ ಮರೆತುಹೋಗುತ್ತದೆ. ಪಿಸ್ತೂಲು ಕೈಕೊಟ್ಟರೆ ಏನು ಗತಿ ಎಂದು ನಾವಿಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಚರ್ಚಿಸಿದೆವು. ಹಿಡಿದ ಕೈಯೇ ಕೈಕೊಟ್ಟರೆ ಏನು ಗತಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ಬಹುಶಃ ಕಾರಿನ ಬಾಗಿಲು ತೆಗೆದು ಕೂತವರ ಮನಸ್ಸಿನಲ್ಲಿತ್ತು.

ಇದು ಅಪರೂಪದ ಕಥೆಯೆಂದು ತಿಳಿಯಬೇಡಿ. 2021ರಲ್ಲಿ ಈ ದೇಶದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಕೊಲೆಯಾದವರು 20,958. ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡವರು 26,328. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಬಂದೂಕು ಹೊಂದಿದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಾಧ್ಯತೆ ಹೊಂದಿಲ್ಲದವರಿಗಿಂತ ಸುಮಾರು ಎಂಟು ಪಟ್ಟು ಕಂಡುಬಂತು. ಹೆಂಗಸರಲ್ಲಿ ಸುಮಾರು ಮೂವತ್ತೈದು ಪಟ್ಟು. ಇದರ ಜೊತೆಗೆ ಸಮಾಧಾನದ ಸಂಗತಿಯೂ ಒಂದಿದೆ. ಸಾಯಲು ಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಕತ್ತಲೆಯ ಆ ಗಳಿಗೆ ಕಳೆದುಹೋಗುತ್ತದೆ. ಆದರೆ ಬಂದೂಕು ಎರಡನೆಯ ಅವಕಾಶ ಕೊಡುವುದು ತೀರ ಅಪರೂಪ.

"ಹಾಗಾದರೆ ಗನ್ನೇ ಬೇಡವೆನ್ನುತ್ತೀರಾ?" ಎಂದು ನೀವು ಕೇಳಬಹುದು. ಹಾಗೆನ್ನುವ ಹಕ್ಕು ನನಗಿಲ್ಲ. ನಾನು ಬ್ಯಾಡ್ಜ್ ತೋರಿಸಿ ಒಳಹೋಗುವ ಕಟ್ಟಡದಲ್ಲಿ, ಗಾರ್ಡುಗಳ ನಡುವೆ ಕೆಲಸ ಮಾಡುವವಳು. ರಾತ್ರಿ ಎರಡು ಗಂಟೆಗೆ ಹೆದ್ದಾರಿ ಪಕ್ಕದ ಕೌಂಟರಿನಲ್ಲಿ ಒಬ್ಬರೇ ನಿಲ್ಲುವವರಿಗೆ ಅಹಿಂಸೆಯ ಉಪದೇಶ ಮಾಡುವುದು ಸುಲಭ, ಅದಕ್ಕೆ ಬೆಲೆಯಿಲ್ಲ. ಗಾಂಧೀಜಿಯವರೇ 1920ರಲ್ಲಿ 'ಯಂಗ್ ಇಂಡಿಯಾ'ದಲ್ಲಿ, ಹೇಡಿತನ ಮತ್ತು ಹಿಂಸೆ ಎರಡೇ ದಾರಿ ಉಳಿದರೆ ತಾವು ಹಿಂಸೆಯನ್ನು ಸೂಚಿಸುವುದಾಗಿ ಬರೆದರು. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವುದು ಧರ್ಮವೇ. ನನ್ನ ತಕರಾರು ಒಂದನೆಯದರ ಬಗ್ಗೆ ಅಲ್ಲ, ಎರಡನೆಯದು ಎಂಬ ಲೆಕ್ಕಾಚಾರದ ಬಗ್ಗೆ. ಒಂದು ಕೈಕೊಟ್ಟೀತೆಂದು ಎರಡು ಬೇಕಾದರೆ, ಎರಡೂ ಕೈಕೊಟ್ಟಾವೆಂದು ಮೂರು ಬೇಕು. ಭಯಕ್ಕೆ ಇಷ್ಟು ಸಾಕೆಂಬ ಗಡಿ ಇಲ್ಲ. ಅದನ್ನು ನಾವೇ ಎಳೆಯಬೇಕು. ಪಕ್ಕದ ನ್ಯೂ ಮೆಕ್ಸಿಕೋದ ಕಾನೂನು ಲೈಸೆನ್ಸ್ ಪಡೆದವರಿಗೂ ಒಂದು ಸಲಕ್ಕೆ ಒಂದೇ ಗನ್ ಬಚ್ಚಿಟ್ಟು ಒಯ್ಯಲು ಬಿಡುತ್ತದೆ. ನಮ್ಮ ಟೆಕ್ಸಾಸ್ ಎಣಿಸುವುದಿಲ್ಲ. ಕಾನೂನು ಎಣಿಸದ ಕಡೆ ನಾವೇ ಎಣಿಸಬೇಕಲ್ಲವೇ?

ನಾನು ಧಾರವಾಡದ ಕಡೆಯವಳು. ವಿಜಯದಶಮಿಯ ಸಂಜೆ ಬನ್ನಿ ಎಲೆ ಹಂಚುತ್ತ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಹಿರಿಯರ ಕಾಲಿಗೆ ಬೀಳುತ್ತ ಬೆಳೆದವಳು. ಆ ಮರದ ಕಥೆಯನ್ನು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದರು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನಗರದ ಹೊರಗೆ ಬನ್ನಿ ಮರದ ಮೇಲೆ ತಮ್ಮ ಆಯುಧಗಳನ್ನೆಲ್ಲ ಕಟ್ಟಿ ಬಚ್ಚಿಟ್ಟರು. ಯಾರೂ ಹತ್ತಿರ ಸುಳಿಯದಿರಲೆಂದು ಒಂದು ಹೆಣವನ್ನೂ ಕಟ್ಟಿದರು. ಅದು ಅವರಿಗೆ ಅತ್ಯಂತ ಅಪಾಯದ ವರ್ಷ. ಶತ್ರುಗಳು ಹುಡುಕುತ್ತಿದ್ದರು. ಆದರೂ ಭೀಮ "ಇರಲಿ, ಬ್ಯಾಕಪ್ಪಿಗೆ ಒಂದು" ಎಂದು ಅಡುಗೆಮನೆಯ ಸೌದೆಯೊಳಗೆ ಚಿಕ್ಕ ಗದೆಯನ್ನು ಅಡಗಿಸಲಿಲ್ಲ. ಕೀಚಕನನ್ನು ಕೊಂದದ್ದು ಬರಿಗೈಯಲ್ಲಿ. ವರ್ಷ ತುಂಬಿದ ಮೇಲೆ ಅರ್ಜುನ ಉತ್ತರಕುಮಾರನನ್ನು ಆ ಮರ ಹತ್ತಿಸಿದಾಗ ಹುಡುಗ ಒಂದೊಂದೇ ಬಿಲ್ಲನ್ನೂ ಕತ್ತಿಯನ್ನೂ ತೋರಿಸಿ, ಇದು ಯಾರದು, ಇದು ಯಾರದು ಎಂದು ಕೇಳುತ್ತಾನೆ. ಅರ್ಜುನ ಒಂದನ್ನೂ ಬಿಡದೆ ಹೆಸರು ಹೇಳುತ್ತಾನೆ. ಚಿಕ್ಕವಳಿದ್ದಾಗ ಆ ಪಟ್ಟಿ ಬೇಸರ ತರುತ್ತಿತ್ತು, ಯುದ್ಧ ಯಾವಾಗ ಎಂದು ಅಪ್ಪನನ್ನು ಪೀಡಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಆಯುಧ ಹಿಡಿಯುವ ಯೋಗ್ಯತೆಯಿರುವುದು ಆ ಪಟ್ಟಿಯಲ್ಲೇ. ಎಷ್ಟಿವೆ, ಎಲ್ಲಿವೆ, ಯಾರದು ಎಂದು ಕೇಳಿದಾಗ ಹೇಳಬಲ್ಲವನು, ತನ್ನ ಕೆಟ್ಟ ವರ್ಷದಲ್ಲಿ ಎಲ್ಲವನ್ನೂ ಇಳಿಸಿಡಬಲ್ಲವನು, ಅವನಿಗೆ ಗಾಂಡೀವ ಭಾರವಲ್ಲ.

ಆದ್ದರಿಂದ ನಮ್ಮ ಸಂಘದ ಕುಟುಂಬಗಳಲ್ಲಿ ನನ್ನದೊಂದು ವಿನಂತಿ. ಎರಡನೆಯದನ್ನು ಕೊಳ್ಳುವ ಮುಂಚೆ ಯಾವ ಕಂಪನಿ, ಎಷ್ಟು ಗುಂಡು ಎಂದು ಕೇಳಿಕೊಳ್ಳುವಷ್ಟೇ ಶ್ರದ್ಧೆಯಿಂದ, ಇದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಿ. ಗಂಡ ಅಥವಾ ಹೆಂಡತಿಗೆ ಹೇಳಲಾಗದ ಗನ್ನು ಮನೆಗೆ ಬರಬಾರದು. ಮೈಮೇಲಿಲ್ಲದ ಹೊತ್ತಿನಲ್ಲಿ ಎರಡೂ ಬೀಗದೊಳಗಿರಲಿ. ನಿಮ್ಮ ಬನ್ನಿ ಮರ ಯಾವುದೆಂದು ಚೆನ್ನಾಗಿರುವಾಗಲೇ ಗೊತ್ತುಮಾಡಿಕೊಳ್ಳಿ: ತಮ್ಮನೋ, ಸ್ನೇಹಿತರೋ, ಹಾಗೆ ಇರಿಸಿಕೊಳ್ಳುವ ಗನ್ ಅಂಗಡಿಯೋ. ಇನ್ನೊಬ್ಬರ ಕೈಗೆ ತಾತ್ಕಾಲಿಕವಾಗಿ ಕೊಡುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನೂ ಮೊದಲೇ ವಿಚಾರಿಸಿಡಿ. ಮಿತ್ರರೊಬ್ಬರು ಕಂಗೆಟ್ಟಿದ್ದಾರೆಂದು ತಿಳಿದರೆ ನಾಚಿಕೆ ಬಿಟ್ಟು ಕೇಳಿ. ಕೇಳುವಾಗ "ಮನೆಯಲ್ಲಿ ಗನ್ ಇದೆಯಾ?" ಎಂದು ಕೇಳಿ ಬಿಡಬೇಡಿ, ನಾನು ಮಾಡಿದ ತಪ್ಪು ಅದೇ. "ಎಷ್ಟಿವೆ? ಒಂದೊಂದೂ ಎಲ್ಲಿದೆ?" ಎಂದು ಕೇಳಿ. ಹೊತ್ತಲ್ಲದ ಹೊತ್ತಿನಲ್ಲಿ ಯಾರೂ ಸಿಗದಿದ್ದರೆ 988ಕ್ಕೆ ಕರೆ ಮಾಡಿ, ಹಗಲು ರಾತ್ರಿ ಎನ್ನದೆ ಅಲ್ಲಿ ಮಾತಾಡುವವರಿದ್ದಾರೆ.

ನಮ್ಮ ಮಿತ್ರರು 2025ರಲ್ಲಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ತಮ್ಮನ ಮನೆಯಿಂದ ದೊಡ್ಡ ಪಿಸ್ತೂಲನ್ನು ಹಿಂದಕ್ಕೆ ತಂದರು. ರಾತ್ರಿ ಪಾಳಿಗೆ ಅದನ್ನು ಕಟ್ಟಿಕೊಂಡೇ ಹೋಗುತ್ತಾರೆ. ಮನೆಯ ಸೇಫಿನ ನಂಬರು ಇಬ್ಬರಿಗೂ ಗೊತ್ತು. ಚಿಕ್ಕದು ಇನ್ನೂ ತಮ್ಮನ ಬಳಿಯೇ ಇದೆ. ಅವರು ಕೇಳಿಲ್ಲ, ನಾವು ಯಾರೂ ಜ್ಞಾಪಿಸಿಲ್ಲ. ಆ ದಸರಾ ಪಾಟ್‌ಲಕ್‌ನಲ್ಲಿ ಅವರು ನನ್ನ ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದರು. ಬ್ಯಾಕಪ್ಪಿನ ಮಾತು ಅವರ ಕಿವಿಗೂ ಬಿತ್ತು. ಊಟವಾದ ಮೇಲೆ ಜೇಬಿನಿಂದ ನಾಲ್ಕು ಎಲೆ ತೆಗೆದು ನನ್ನ ಕೈಗಿಟ್ಟು, "ಇಲ್ಲಿ ಬನ್ನಿ ಎಲ್ಲಿ ಸಿಗುತ್ತೆ ಅಕ್ಕಾ, ಹಿತ್ತಲಿನ ಮೆಸ್ಕೀಟ್ ಮರದ್ದು. ನೋಡೋಕೆ ಹಾಗೇ ಇದೆ" ಎಂದರು.

ಬಂಗಾರವೆಂದೇ ತೆಗೆದುಕೊಂಡೆ.